ಗಣಕದಲ್ಲಿ ಚಿತ್ರರಚನೆ: ಸಾಧನವನ್ನು ಆರಿಸುವ ಬಗೆ

ಗಜೇಂದ್ರಗಡದ ಕೈಮಗ್ಗದಲ್ಲಿ ನೆಯ್ದ ಚೌಕಳಿ ಸೀರೆಯೊಂದನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯ ಮೂಲಕ ನೋಡಿರಿ. ದೂರದಿಂದ ಒಂದೇ ಸಮನಾದ ಬಣ್ಣದ ಪಟ್ಟೆಯಂತೆ ತೋರಿದ್ದು ಈಗ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಇವೆರಡೂ ಕೂಡುವ ಪ್ರತಿಯೊಂದು ಸಂಧಿಯಲ್ಲಿಯೂ ಮೇಲೆ ಬಂದಿರುವ ಎಳೆಯ ಬಣ್ಣ ಮಾತ್ರ ಕಣ್ಣಿಗೆ ಕಾಣುತ್ತದೆ. ಇಂಥ ಲಕ್ಷಾಂತರ ಸಂಧಿಗಳು ಸೇರಿ ಸೀರೆಯ ಮೈ, ಅಂಚು, ಸೆರಗು ಎಲ್ಲವೂ ಆಗಿವೆ.

ಗಣಕಯಂತ್ರದ ಪರದೆಯ ಮೇಲಿನ ಚಿತ್ರವೂ ಬಹುಮಟ್ಟಿಗೆ ಇದೇ ರೀತಿಯದು. ಅಲ್ಲಿ ಎಳೆಗಳ ಸಂಧಿಗೆ ಬದಲಾಗಿ ಪಿಕ್ಸೆಲ್ ಎಂಬ ಸಣ್ಣ ಬಿಂದುವಿದೆ. ಪ್ರತಿಯೊಂದು ಬಿಂದುವಿಗೂ ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳ ಪ್ರಮಾಣವನ್ನು ಅಂಕಿಗಳಲ್ಲಿ ಬರೆದಿಟ್ಟಿರುತ್ತದೆ. ಒಂದೊಂದು ಬೆಳಕಿಗೂ 0ಯಿಂದ 255ರ ವರೆಗೆ 256 ಮೆಟ್ಟಿಲುಗಳು. ಮೂರನ್ನೂ ಬೆರೆಸಿದರೆ 1,67,77,216 ಬಣ್ಣಗಳಾಗುತ್ತವೆ. ನೆಯ್ಗೆಗೂ ಗಣಕಕ್ಕೂ ಇರುವ ನಂಟು ಬರಿಯ ಹೋಲಿಕೆಯದಲ್ಲ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬಾತನು ತೂತು ಕೊರೆದ ರಟ್ಟುಗಳಿಂದ ಮಗ್ಗಕ್ಕೆ ವಿನ್ಯಾಸವನ್ನು ತಿಳಿಸುವ ಉಪಾಯವನ್ನು ರೂಢಿಗೆ ತಂದನು. ಆ ರಟ್ಟುಗಳೇ ಮುಂದೆ ಗಣಕಗಳಿಗೆ ಆಜ್ಞೆ ಕೊಡುವ ರಟ್ಟುಗಳಿಗೆ ಮಾದರಿಯಾದವು.

ಇಂದು ರೋಣ, ನರಗುಂದ, ಗಜೇಂದ್ರಗಡಗಳಂತಹ ತಾಲ್ಲೂಕು ಕೇಂದ್ರಗಳ ಪ್ರೌಢಶಾಲೆ ಕಾಲೇಜುಗಳಲ್ಲಿ ಓದುವ ಅನೇಕರಿಗೆ ಗಣಕದ ಮೇಲೆ ಚಿತ್ರ ಬರೆಯಬೇಕು, ತೆಗೆದ ಛಾಯಾಚಿತ್ರವನ್ನು ತಿದ್ದಬೇಕು ಎಂಬ ಆಸೆಯಿದೆ. ಅದಕ್ಕೆ ಬೇಕಾದ ತಂತ್ರಾಂಶ ಯಾವುದು? ಹಣ ತೆರದೆ ದೊರೆಯುವಂಥವು ಹತ್ತಾರು ಇವೆ. ಪ್ರತಿಯೊಬ್ಬ ಗೆಳೆಯನೂ ತಾನು ಬಳಸುವುದೇ ಉತ್ತಮವೆನ್ನುತ್ತಾನೆ. ಆದರೆ 'ಯಾವುದು ಉತ್ತಮ?' ಎಂಬ ಪ್ರಶ್ನೆಯೇ ಸರಿಯಾದುದಲ್ಲ. ಬಡಗಿಯ ಪೆಟ್ಟಿಗೆಯಲ್ಲಿ ಉಳಿ ಉತ್ತಮವೋ ಗರಗಸ ಉತ್ತಮವೋ ಎಂದು ಯಾರೂ ಕೇಳುವುದಿಲ್ಲ. ಮಾಡಬೇಕಾದ ಕೆಲಸ ಯಾವುದೆಂದು ಕೇಳುತ್ತಾರೆ. ಆದುದರಿಂದ ನಾವೂ ಈ ಸೀಮೆಯ ಮೂರು ಕೆಲಸಗಳನ್ನು ಎತ್ತಿಕೊಂಡು, ಒಂದೊಂದಕ್ಕೂ ತಕ್ಕ ಸಾಧನ ಯಾವುದು, ಏಕೆ ಎಂಬುದನ್ನು ವಿಚಾರಿಸೋಣ.

ಚಿತ್ರಗಳಲ್ಲಿ ಎರಡು ಜಾತಿ

ಮೊದಲು ಒಂದು ಮೂಲಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಗಣಕದಲ್ಲಿ ಚಿತ್ರವನ್ನು ಎರಡು ರೀತಿಯಲ್ಲಿ ಕಾದಿಡಬಹುದು. ಮೊದಲನೆಯದು ಮೇಲೆ ಹೇಳಿದ ಬಿಂದುಚಿತ್ರ. ಎರಡನೆಯದರಲ್ಲಿ ಬಿಂದುಗಳ ಲೆಕ್ಕವೇ ಇಲ್ಲ. 'ಇಂಥ ಕೇಂದ್ರದಿಂದ ಇಷ್ಟು ತ್ರಿಜ್ಯದ ವೃತ್ತ, ಅದಕ್ಕೆ ಕೆಂಪು ಬಣ್ಣ' ಎಂಬ ರೇಖಾಗಣಿತದ ವಿವರಣೆ ಮಾತ್ರ ಇರುತ್ತದೆ. ಇದಕ್ಕೆ ವೆಕ್ಟರ್ ಚಿತ್ರವೆಂದು ಹೆಸರು, ನಾವು ರೇಖಾಚಿತ್ರವೆನ್ನೋಣ.

ಈ ಭೇದದ ಫಲವೇನೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಎ4 ಅಳತೆಯ ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ ಇರುತ್ತದೆ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದುಗಳು ಬೇಕೆಂದಿಟ್ಟುಕೊಂಡರೆ, ಆ ಹಾಳೆಯಲ್ಲಿ 2480 × 3508, ಎಂದರೆ ಸುಮಾರು 87 ಲಕ್ಷ ಬಿಂದುಗಳಾಗುತ್ತವೆ. ಬಣ್ಣಕ್ಕೆ ಮೂರು, ಪಾರದರ್ಶಕತೆಗೆ ಒಂದು, ಹೀಗೆ ಬಿಂದುವೊಂದಕ್ಕೆ 4 ಬೈಟುಗಳಾದರೆ ಒಟ್ಟು ಸುಮಾರು 35 ಮೆಗಾಬೈಟು. ಈಗ ಊರ ಜಾತ್ರೆಗೆ 10 ಅಡಿ ಉದ್ದ, 6 ಅಡಿ ಎತ್ತರದ ಫಲಕವನ್ನು ಅದೇ ಸಾಂದ್ರತೆಯಲ್ಲಿ ಮಾಡಹೊರಟರೆ 36,000 × 21,600, ಎಂದರೆ 77 ಕೋಟಿಗೂ ಮಿಕ್ಕ ಬಿಂದುಗಳು. ಮೂರು ಗಿಗಾಬೈಟಿಗೂ ಹೆಚ್ಚು! ಶಾಲೆಯ ಸಾಧಾರಣ ಗಣಕವು ಅಲ್ಲಿಯೇ ದಣಿದು ಕುಳಿತುಕೊಳ್ಳುತ್ತದೆ. ಫಲಕವನ್ನು ದೂರದಿಂದ ನೋಡುವುದಾದ್ದರಿಂದ ಅಂಗುಲಕ್ಕೆ 72 ಬಿಂದುಗಳೇ ಸಾಕೆಂದರೂ ಸುಮಾರು 180 ಮೆಗಾಬೈಟು ಬೇಕು. ಅದೇ ಫಲಕದಲ್ಲಿ ಅಕ್ಷರಗಳೂ ಸರಳ ಆಕೃತಿಗಳೂ ಮಾತ್ರ ಇದ್ದರೆ, ರೇಖಾಚಿತ್ರವಾಗಿ ಅದು ಕೆಲವು ನೂರು ಕಿಲೋಬೈಟುಗಳಲ್ಲಿ ಅಡಗೀತು. ಅಂಚೆಚೀಟಿಯಷ್ಟು ಮಾಡಿದರೂ ಗೋಡೆಯಷ್ಟು ಮಾಡಿದರೂ ಅಂಚು ಒಡೆಯುವುದಿಲ್ಲ.

ಹಾಗಾದರೆ ಎಲ್ಲವನ್ನೂ ರೇಖಾಚಿತ್ರವಾಗಿಯೇ ಮಾಡಬಾರದೇಕೆ? ಮುಖದ ಮೇಲಿನ ನೆರಳು, ಮೋಡದ ಮಸುಕು, ಕಲ್ಲಿನ ಒರಟುತನ, ಇವು ರೇಖಾಗಣಿತದ ಮಾತಿಗೆ ಸುಲಭವಾಗಿ ಸಿಕ್ಕುವಂಥವಲ್ಲ. ಅಲ್ಲಿ ಬಿಂದುವೇ ಬೇಕು.

ಮೊದಲನೆಯ ಕೆಲಸ: ಗಜೇಂದ್ರಗಡದ ಸೀರೆ

ಗಜೇಂದ್ರಗಡದ ನೆಯ್ಗೆಯಲ್ಲಿ 'ಪಟ್ಟೇದ ಅಂಚು' ಎಂಬ ಸೀರೆಯ ಬಗೆಯೊಂದುಂಟು. ಮೈಯಲ್ಲಿ ಚೌಕಳಿ, ಬದಿಯಲ್ಲಿ ಎದ್ದು ಕಾಣುವ ಬಣ್ಣದ ಅಂಚು. ನೇಕಾರರ ಮನೆಯ ವಿದ್ಯಾರ್ಥಿಯೊಬ್ಬನು ಅಂಥ ಸೀರೆಗೆ ಹೊಸ ಬಣ್ಣಗಳ ಹೊಂದಾಣಿಕೆಯನ್ನು ನೂಲು ಹಾಳುಮಾಡದೆ ಮೊದಲು ಪರದೆಯ ಮೇಲೆ ನೋಡಬಯಸಿದನೆಂದು ಭಾವಿಸಿರಿ. ಚೌಕಳಿಯೆಂದರೆ ನೇರ ಗೆರೆಗಳು, ನಿಯತವಾದ ಅಂತರ, ಮತ್ತೆಮತ್ತೆ ಬರುವ ಒಂದೇ ಘಟಕ. ಇದು ಶುದ್ಧ ರೇಖಾಗಣಿತ. ಆದುದರಿಂದ ರೇಖಾಚಿತ್ರದ ತಂತ್ರಾಂಶವೇ ತಕ್ಕದ್ದು.

ಇಂಥವುಗಳಲ್ಲಿ ಇಂಕ್‌ಸ್ಕೇಪ್ ಮುಖ್ಯವಾದುದು. ಇದು 2003ರಲ್ಲಿ ಸೋಡಿಪೋಡಿ ಎಂಬ ಹಿಂದಿನ ತಂತ್ರಾಂಶದಿಂದ ಕವಲೊಡೆದು ಹುಟ್ಟಿತು. 2020ರಲ್ಲಿ ಅದರ 1.0 ಆವೃತ್ತಿ ಹೊರಬಂದಿತು. ಒಂದು ಚೌಕವನ್ನು ಬರೆದು ಅದರ ತದ್ರೂಪುಗಳನ್ನು ಸಾಲಾಗಿ ಹರಡುವ ಏರ್ಪಾಡು ಇದರಲ್ಲಿದೆ. ಮೂಲ ಚೌಕದ ಬಣ್ಣವನ್ನು ಬದಲಿಸಿದೊಡನೆ ಎಲ್ಲ ತದ್ರೂಪುಗಳೂ ಬದಲಾಗುತ್ತವೆ. ಅರಿಸಿನದ ಬಣ್ಣದ ಮೈಗೆ ಕೆಂಪು ಅಂಚು ಒಪ್ಪುವುದೋ ಹಸುರು ಅಂಚು ಒಪ್ಪುವುದೋ ಎಂಬುದನ್ನು ನಿಮಿಷಾರ್ಧದಲ್ಲಿ ನೋಡಬಹುದು.

ಒಂದು ಎಚ್ಚರಿಕೆ ಬೇಕು. ಪರದೆಯ ಬಣ್ಣ ಬೆಳಕಿನಿಂದಾದುದು, ನೂಲಿನ ಬಣ್ಣ ರಂಗಿನಿಂದಾದುದು. ಇವೆರಡೂ ಪೂರ್ತಿ ಹೊಂದಲಾರವು. ಮೇಲಾಗಿ ಕೆಂಪು ಹಾಸಿನ ಮೇಲೆ ಹಳದಿ ಹೊಕ್ಕು ಬಂದರೆ, ದೂರದ ಕಣ್ಣಿಗೆ ಎರಡೂ ಬೆರೆತು ಬೇರೊಂದು ಛಾಯೆಯೇ ತೋರುತ್ತದೆ. ಆದುದರಿಂದ ಪರದೆಯ ವಿನ್ಯಾಸವು ನೇಕಾರನ ಅನುಭವಕ್ಕೆ ಸಹಾಯಕವೇ ಹೊರತು ಅದರ ಸ್ಥಾನವನ್ನು ಹಿಡಿಯುವಂಥದಲ್ಲ.

ಎರಡನೆಯ ಕೆಲಸ: ರೋಣದ ಸೀಮೆಯ ಕಲ್ಲು

ರೋಣದಲ್ಲಿಯೂ ಅದರ ಸುತ್ತಣ ಊರುಗಳಲ್ಲಿಯೂ ಹಳೆಯ ಗುಡಿಗಳೂ ಶಾಸನಗಳೂ ಉಂಟು. ಸನಿಹದ ಸೂಡಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಜೋಡುಕಳಸದ ಗುಡಿ ಮತ್ತು ಮೆಟ್ಟಿಲುಗಳುಳ್ಳ ನಾಗಕುಂಡ ಪ್ರಸಿದ್ಧವಾಗಿವೆ. ಗಾಳಿಮಳೆಗೆ ಸವೆದ ಶಾಸನವೊಂದರ ಛಾಯಾಚಿತ್ರವನ್ನು ತೆಗೆದು, ಅಕ್ಷರಗಳು ಸ್ಪಷ್ಟವಾಗಿ ಕಾಣುವಂತೆ ಮಾಡಬೇಕು. ಇಲ್ಲಿ ಹೊಸದಾಗಿ ಬರೆಯುವ ಪ್ರಶ್ನೆಯಿಲ್ಲ. ಇರುವುದನ್ನು ಎದ್ದು ಕಾಣಿಸುವ ಪ್ರಶ್ನೆ. ಇದಕ್ಕೆ ಜಿಂಪ್ ಎಂಬ ಚಿತ್ರಸಂಸ್ಕರಣ ತಂತ್ರಾಂಶವು ಹೇಳಿಸಿದಂತಿದೆ.

ಜಿಂಪ್‌ನ ಹುಟ್ಟು ವಿದ್ಯಾರ್ಥಿಗಳಿಗೆ ಉತ್ಸಾಹವನ್ನು ಕೊಡುವಂಥದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬುವರು 1995ರಲ್ಲಿ ಇದನ್ನು ಆರಂಭಿಸಿದರು. ಅಂದಿನಿಂದ ಅನೇಕ ಸ್ವಯಂಸೇವಕರು ಬೆಳೆಸುತ್ತ ಬಂದು, 2025ರಲ್ಲಿ 3.0 ಆವೃತ್ತಿಯನ್ನು ಹೊರತಂದರು.

ಸವೆದ ಕಲ್ಲಿನ ಚಿತ್ರದಲ್ಲಿ ದೋಷವೇನು? ಬೆಳಕಿನ 256 ಮೆಟ್ಟಿಲುಗಳಲ್ಲಿ ಆ ಚಿತ್ರವು 90ರಿಂದ 150ರ ವರೆಗಿನ ಒಂದು ಸಣ್ಣ ತುಂಡನ್ನು ಮಾತ್ರ ಬಳಸಿಕೊಂಡಿರುತ್ತದೆ ಎನ್ನೋಣ. ಕಪ್ಪು ನಿಜವಾದ ಕಪ್ಪಲ್ಲ, ಬಿಳುಪು ನಿಜವಾದ ಬಿಳುಪಲ್ಲ, ಎಲ್ಲವೂ ಬೂದು. ಜಿಂಪ್‌ನ 'ಲೆವೆಲ್ಸ್' ಎಂಬ ಉಪಕರಣದಿಂದ 90ನ್ನು 0 ಎಂದೂ 150ನ್ನು 255 ಎಂದೂ ಎಳೆದು ಹಿಗ್ಗಿಸಬಹುದು. ಆಗ ನಡುವಿನ 120 ಸುಮಾರು 127ಕ್ಕೆ ಬಂದು ನಿಲ್ಲುತ್ತದೆ. ಅಕ್ಷರದ ತಗ್ಗಿಗೂ ಕಲ್ಲಿನ ಮೈಗೂ ಇದ್ದ ಅಲ್ಪ ಅಂತರವು ನಾಲ್ಕು ಪಟ್ಟಿಗೂ ಹೆಚ್ಚಾಗಿ ಕಣ್ಣಿಗೆ ಗೋಚರಿಸುತ್ತದೆ.

ಆದರೆ ಇಲ್ಲಿ ಪ್ರಕೃತಿ ಒಂದು ಸುಂಕವನ್ನು ಕೇಳುತ್ತದೆ. ಮೂಲದಲ್ಲಿದ್ದುದು 61 ಮೆಟ್ಟಿಲುಗಳು ಮಾತ್ರ. ಹಿಗ್ಗಿಸಿದ ಮೇಲೆಯೂ ಅವು 61ರಷ್ಟೇ ಇದ್ದು, ನಡುನಡುವೆ ಕಂದಕಗಳು ಬೀಳುತ್ತವೆ. ಚಿತ್ರ ತೆಗೆಯುವಾಗ ಇಲ್ಲದ ವಿವರವನ್ನು ಯಾವ ತಂತ್ರಾಂಶವೂ ತರಲಾರದು. ಅದಕ್ಕೋಸ್ಕರ ಮೊದಲ ಸಂಸ್ಕಾರ ಆಗಬೇಕಾದುದು ಗಣಕದಲ್ಲಲ್ಲ, ಕಲ್ಲಿನ ಮುಂದೆ. ಬೆಳಗ್ಗೆ ಅಥವಾ ಸಂಜೆ ಸೂರ್ಯನ ಕಿರಣ ಓರೆಯಾಗಿ ಬೀಳುವಾಗ ಚಿತ್ರ ತೆಗೆದರೆ ಪ್ರತಿಯೊಂದು ತಗ್ಗಿಗೂ ನೆರಳು ಹುಟ್ಟುತ್ತದೆ. ಕಲ್ಲಿಗೆ ಎಣ್ಣೆಯನ್ನಾಗಲಿ ಸೀಮೆಸುಣ್ಣವನ್ನಾಗಲಿ ಎಂದಿಗೂ ಬಳಿಯಕೂಡದು.

ಎರಡನೆಯ ಎಚ್ಚರಿಕೆ ಪ್ರಾಮಾಣಿಕತೆಗೆ ಸಂಬಂಧಿಸಿದುದು. ಇಡೀ ಚಿತ್ರಕ್ಕೆ ಒಂದೇ ನಿಯಮವನ್ನು ಅನ್ವಯಿಸಿ ತಿಳಿಗೊಳಿಸುವುದು ಬೇರೆ. ಮಸುಕಾದ ಅಕ್ಷರವನ್ನು ಕುಂಚದಿಂದ ತಿದ್ದಿ ಬರೆಯುವುದು ಬೇರೆ. ಈಗ ಬಂದಿರುವ, ಬಿಟ್ಟ ಜಾಗವನ್ನು ತಾನಾಗಿ ಊಹಿಸಿ ತುಂಬುವ ಕೃತಕ ಬುದ್ಧಿಮತ್ತೆಯ ಉಪಕರಣಗಳು ಈ ಎರಡನೆಯ ತಪ್ಪನ್ನು ಕ್ಷಣಮಾತ್ರದಲ್ಲಿ ಮಾಡಿಬಿಡುತ್ತವೆ. ಹಾಗೆ ತುಂಬಿದ ಅಕ್ಷರವು ಶಿಲ್ಪಿ ಕೊರೆದುದಲ್ಲ. ಮೂಲಚಿತ್ರವನ್ನು ಮುಟ್ಟದೆ ಬೇರೆಯಾಗಿ ಇಟ್ಟು, ಅದರ ಪ್ರತಿಯ ಮೇಲೆ ಕೆಲಸ ಮಾಡಿ, ಏನೇನು ಮಾಡಿದೆವೆಂಬುದನ್ನು ಬರೆದಿಡುವುದು ವಿಜ್ಞಾನದ ರೀತಿ.

ಮೂರನೆಯ ಕೆಲಸ: ನರಗುಂದದ ಗುಡ್ಡ

ನರಗುಂದದ ಗುಡ್ಡ ಮತ್ತು ಅದರ ಮೇಲಿನ ಕೋಟೆಯನ್ನು ಕಾಣದವರು ಆ ಸೀಮೆಯಲ್ಲಿಲ್ಲ. 1858ರಲ್ಲಿ ಬಾಬಾಸಾಹೇಬ ಭಾವೆಯು ಬ್ರಿಟಿಷರ ವಿರುದ್ಧ ದಂಗೆಯೆದ್ದ ಸ್ಥಳವದು. ಸುತ್ತಲೂ ಎರೆಭೂಮಿಯ ಬಯಲು. ನಡುವೆ ಒಮ್ಮೆಲೆ ಎದ್ದ ಗುಡ್ಡ. ಸಂಜೆಯ ಬೆಳಕಿನಲ್ಲಿ ಅದನ್ನು ಬಣ್ಣದಲ್ಲಿ ಬರೆಯಬೇಕೆಂಬ ಹಂಬಲವುಳ್ಳವನಿಗೆ ಬೇಕಾದುದು ತಿದ್ದುವ ಸಾಧನವಲ್ಲ, ಕುಂಚ.

ಕ್ರಿಟಾ ಎಂಬ ತಂತ್ರಾಂಶವು ಚಿತ್ರಕಾರರಿಗಾಗಿಯೇ ಬೆಳೆದುದು. ಸ್ವೀಡಿಷ್ ಭಾಷೆಯಲ್ಲಿ 'ಕ್ರಿಟಾ' ಎಂದರೆ ಬಳಪ. ನಮ್ಮ ಮಹಾಭಾರತದ 'ಕೃತ' ಶಬ್ದದ ನೆನಪೂ ಆ ಹೆಸರಿನಲ್ಲಿ ಬೆರೆತಿದೆಯೆನ್ನುತ್ತಾರೆ. 2005ರಲ್ಲಿ ಒಂದು ಕಚೇರಿ ತಂತ್ರಾಂಶದ ಅಂಗವಾಗಿ ಹೊರಬಂದ ಇದು, 2009ರ ಸುಮಾರಿಗೆ ಎಲ್ಲವನ್ನೂ ಮಾಡುವ ಹವ್ಯಾಸವನ್ನು ಬಿಟ್ಟು ಚಿತ್ರರಚನೆಯೊಂದನ್ನೇ ಗುರಿಯಾಗಿಟ್ಟುಕೊಂಡಿತು. ಒಣಕುಂಚ, ನೀರುಬಣ್ಣ, ಇದ್ದಿಲು, ಶಾಯಿ ಮೊದಲಾದವುಗಳನ್ನು ಅನುಕರಿಸುವ ಅನೇಕ ಕುಂಚಗಳು ಇದರಲ್ಲಿವೆ. ನಡುಗುವ ಕೈಯ ಗೆರೆಯನ್ನು ನಯಗೊಳಿಸುವ ಉಪಾಯವಿದೆ. ಸುತ್ತುವ ವಿಧಾನವೆಂಬ ಇನ್ನೊಂದು ಏರ್ಪಾಡಿನಲ್ಲಿ ಹಾಳೆಯ ಬಲ ಅಂಚನ್ನು ದಾಟಿದ ಗೆರೆಯು ಎಡ ಅಂಚಿನಿಂದ ಒಳಬರುತ್ತದೆ. ಸೆರಗಿನ ಹೂಬಳ್ಳಿಯಂತಹ, ಮತ್ತೆಮತ್ತೆ ಬರುವ ವಿನ್ಯಾಸಗಳಿಗೆ ಇದು ಬಹಳ ಉಪಯುಕ್ತ.

ಮೌಸಿನಿಂದ ಚಿತ್ರ ಬರೆಯುವುದು ಕಷ್ಟ. ಮೌಸಿಗೆ ಸ್ಥಾನ ತಿಳಿಯುತ್ತದೆ, ಒತ್ತಡ ತಿಳಿಯುವುದಿಲ್ಲ. ಒತ್ತಡವನ್ನು ಅಳೆಯುವ ಲೇಖನಿಫಲಕವಿದ್ದರೆ ಹಗುರ ಕೈಗೆ ತೆಳುಗೆರೆ, ಭಾರ ಕೈಗೆ ದಪ್ಪಗೆರೆ ಬರುತ್ತದೆ. ಆದರೆ ಫಲಕವಿಲ್ಲವೆಂದು ಕಲಿಕೆಯನ್ನು ಮುಂದೂಡಬೇಕಾಗಿಲ್ಲ. ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ಅದರ ಛಾಯಾಚಿತ್ರವನ್ನು ಕೆಳಗಿನ ಪದರವಾಗಿ ಇರಿಸಿ, ಮೇಲಿನ ಪದರದಲ್ಲಿ ಬಣ್ಣ ತುಂಬಬಹುದು. ಪದರವೆಂದರೆ ಒಂದರ ಮೇಲೊಂದಿಟ್ಟ ಗಾಜಿನ ಹಾಳೆಗಳಂತೆ. ಆಕಾಶವನ್ನು ಅಳಿಸಿದರೂ ಕೋಟೆ ಉಳಿಯುತ್ತದೆ.

ಕನ್ನಡದ ಅಕ್ಷರವೆಂಬ ಒರೆಗಲ್ಲು

ನಮ್ಮ ವಿದ್ಯಾರ್ಥಿಯು ಯಾವ ತಂತ್ರಾಂಶವನ್ನು ಆರಿಸಿದರೂ ಅದಕ್ಕೊಂದು ಪರೀಕ್ಷೆಯನ್ನು ಒಡ್ಡಬೇಕು: ಅದು ಕನ್ನಡವನ್ನು ಸರಿಯಾಗಿ ಬರೆಯುವುದೆ? ಕನ್ನಡದಲ್ಲಿ ಬೆರಳಚ್ಚಿಸಿದ ಕ್ರಮಕ್ಕೂ ಕಣ್ಣಿಗೆ ಕಾಣುವ ಕ್ರಮಕ್ಕೂ ಅಂತರವಿದೆ. 'ಧರ್ಮ' ಎಂಬಲ್ಲಿ ರಕಾರವನ್ನು ಮೊದಲು ಒತ್ತಿದರೂ ಅರ್ಕಾವತ್ತು ಮಕಾರದ ಬಳಿಕ ಬರುತ್ತದೆ. ಒತ್ತಕ್ಷರಗಳು ಕೆಳಗಿಳಿದು ಕೂಡಬೇಕು. ಈ ಹೊಂದಿಕೆಯನ್ನು ಅರಿಯದ ತಂತ್ರಾಂಶದಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಡುತ್ತವೆ. 'ಸ್ವಾತಂತ್ರ್ಯ', 'ರಾಷ್ಟ್ರ', 'ಧರ್ಮ' ಎಂಬ ಮೂರು ಶಬ್ದಗಳನ್ನು ಬರೆದು ನೋಡಿದರೆ ಪರೀಕ್ಷೆ ಮುಗಿಯಿತು. ಯೂನಿಕೋಡಿನಲ್ಲಿ ಬೆರಳಚ್ಚಿಸಿ, ನೋಟೊ ಸಾನ್ಸ್ ಕನ್ನಡದಂತಹ ಮುಕ್ತ ಅಕ್ಷರಶೈಲಿಯನ್ನು ಆರಿಸಿಕೊಂಡರೆ ಜಿಂಪ್, ಇಂಕ್‌ಸ್ಕೇಪ್, ಕ್ರಿಟಾ ಮೂರೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ.

ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿತ್ತು. ಅದರಲ್ಲಿ ಬರೆದ ಬರಹವನ್ನು ನಕಲುಮಾಡಿ ತಂದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ. ಅದನ್ನು ಮೊದಲು ಪರಿವರ್ತಕದಿಂದ ಯೂನಿಕೋಡಿಗೆ ತರಬೇಕು. ಇನ್ನು ಮುದ್ರಣಾಲಯದ ಗಣಕದಲ್ಲಿ ನಿಮ್ಮ ಅಕ್ಷರಶೈಲಿ ಇಲ್ಲದಿರಬಹುದು. ಆದ್ದರಿಂದ ಇಂಕ್‌ಸ್ಕೇಪಿನಲ್ಲಿ ಅಕ್ಷರಗಳನ್ನು ರೇಖೆಗಳಾಗಿ ಮಾರ್ಪಡಿಸಿ ಪಿಡಿಎಫ್ ಮಾಡಿಕೊಟ್ಟರೆ ಒತ್ತು ಒಡೆಯುವ ಭಯವಿಲ್ಲ. ತಿದ್ದಬಹುದಾದ ಮೂಲ ಪ್ರತಿಯೊಂದು ಮಾತ್ರ ನಿಮ್ಮಲ್ಲಿಯೇ ಇರಲಿ. ರೇಖೆಯಾದ ಅಕ್ಷರದಲ್ಲಿ ಕಾಗುಣಿತದ ತಪ್ಪನ್ನು ತಿದ್ದಲಾಗುವುದಿಲ್ಲ.

ಮುದ್ರಣದ ಮಾತು ಬಂದುದರಿಂದ ಇನ್ನೊಂದು ವಿಷಯ. ಪರದೆಗೆ ಮೂರು ಬೆಳಕುಗಳಾದರೆ, ಮುದ್ರಣಕ್ಕೆ ನೀಲಿ, ನಸುಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳು. ಕ್ರಿಟಾದಲ್ಲಿ ಈ ನಾಲ್ಕು ಶಾಯಿಗಳ ಲೆಕ್ಕದಲ್ಲಿಯೇ ಚಿತ್ರ ಬರೆಯಬಹುದು. ಜಿಂಪ್ ಅವುಗಳ ಫಲಿತಾಂಶವನ್ನು ಪರದೆಯ ಮೇಲೆ ಮೊದಲೇ ತೋರಿಸಬಲ್ಲದು. ಪುಸ್ತಕ, ಪತ್ರಿಕೆಗಳ ಪುಟಜೋಡಣೆಗೆ ಸ್ಕ್ರೈಬಸ್ ಎಂಬ ಬೇರೊಂದು ಮುಕ್ತ ತಂತ್ರಾಂಶವಿದೆ.

'ಉಚಿತ' ಬೇರೆ, 'ಸ್ವತಂತ್ರ' ಬೇರೆ

ಹಣ ತೆರದೆ ಸಿಕ್ಕುವ ತಂತ್ರಾಂಶಗಳೆಲ್ಲವೂ ಒಂದೇ ಜಾತಿಯವಲ್ಲ. ಕೆಲವನ್ನು ಸಂಸ್ಥೆಗಳು ಇಂದು ಬಿಟ್ಟಿಯಾಗಿ ಕೊಡುತ್ತವೆ. ನಾಳೆ ಬೆಲೆ ಇಡಬಹುದು, ಇಲ್ಲವೆ ನಿಲ್ಲಿಸಿಬಿಡಬಹುದು. ಬ್ರೌಸರಿನೊಳಗೇ ನಡೆಯುವ ಫೋಟೋಪಿಯಾ ಇಂಥದು. ಅನುಕೂಲವಾದ ಸಾಧನವೇ ಹೌದು. ಫೋಟೋಶಾಪಿನ ಕಡತಗಳನ್ನು ತೆರೆಯುತ್ತದೆ. ಆದರೆ ಅದರ ಒಳಗುಟ್ಟು ಅದರ ಒಡೆಯನದು. ಜಿಂಪ್, ಕ್ರಿಟಾ, ಇಂಕ್‌ಸ್ಕೇಪ್‌ಗಳ ಸ್ಥಿತಿ ಬೇರೆ. ಇವು ಗ್ನು ಸಾರ್ವಜನಿಕ ಪರವಾನಗಿಯಡಿ ಬರುವಂಥವು. ಬಳಸುವ, ಒಳಗನ್ನು ಅಭ್ಯಾಸಮಾಡುವ, ಬೇರೆಯವರಿಗೆ ಹಂಚುವ, ತಿದ್ದಿ ಮತ್ತೆ ಹಂಚುವ ನಾಲ್ಕು ಸ್ವಾತಂತ್ರ್ಯಗಳನ್ನು ಈ ಪರವಾನಗಿ ಎಲ್ಲರಿಗೂ ಕೊಡುತ್ತದೆ. ಹೀಗಿರುವುದರಿಂದ ಶಾಲೆಯೊಂದು ಒಂದೇ ಪ್ರತಿಯನ್ನು ನೂರು ಗಣಕಗಳಿಗೆ ಹಾಕಿದರೂ ಅಪರಾಧವಾಗದು.

ಅಪರಾಧದ ಮಾತು ಏಕೆಂದರೆ, ಬೆಲೆಯುಳ್ಳ ತಂತ್ರಾಂಶದ ಬೀಗ ಮುರಿದ ಪ್ರತಿಗಳು ಪೆನ್‌ಡ್ರೈವುಗಳಲ್ಲಿ ಊರಿಂದೂರಿಗೆ ಓಡಾಡುತ್ತವೆ. ಕಾನೂನಿನ ಭಯ ಒತ್ತಟ್ಟಿಗಿರಲಿ. ಬೀಗ ಮುರಿದವನು ಅದರೊಳಗೆ ಇನ್ನೇನನ್ನು ಸೇರಿಸಿದ್ದಾನೆಂಬುದು ಯಾರಿಗೂ ತಿಳಿಯದು. ಅದಕ್ಕಿಂತಲೂ ಮುಖ್ಯವಾದ ನಷ್ಟವೊಂದಿದೆ. ಕದ್ದ ಪ್ರತಿಯಲ್ಲಿ ಕಲಿತ ವಿದ್ಯಾರ್ಥಿಯು ನಾಳೆ ಸ್ವಂತ ಅಂಗಡಿ ತೆರೆಯುವಾಗ, ಪ್ರತಿವರ್ಷವೂ ಬಾಡಿಗೆ ತೆರಬೇಕಾದ ಸಾಧನಕ್ಕೆ ಕಟ್ಟುಬಿದ್ದಿರುತ್ತಾನೆ. ಇಲ್ಲವೆ ಕಳವನ್ನೇ ಮುಂದುವರಿಸಬೇಕಾಗುತ್ತದೆ. ಅವನ ಕೈಚಳಕ ಅವನದಾದರೂ ಉಪಕರಣ ಅವನದಲ್ಲ.

ಮುಕ್ತವಾದುದು ಕಳಪೆಯೆಂಬ ಭಾವನೆಯೂ ನಿರಾಧಾರವಾದುದು. 2002ರಲ್ಲಿ ಜನರು ಏಳೇ ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಸ್ವತಂತ್ರಗೊಳಿಸಿದ ಬ್ಲೆಂಡರ್ ಎಂಬ ತಂತ್ರಾಂಶದಿಂದ ತಯಾರಾದ 'ಫ್ಲೋ' ಎಂಬ ಲಾಟ್ವಿಯದ ಚಲನಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಹುಮಾನ ಬಂದಿತು. ಇನ್ನೂ ಹತ್ತಿರದ ನಿದರ್ಶನ ಕೇರಳದ್ದು. ಅಲ್ಲಿಯ ಸರ್ಕಾರಿ ಪ್ರೌಢಶಾಲೆಗಳ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕಗಳಲ್ಲಿ ಜಿಂಪ್ ಮತ್ತು ಇಂಕ್‌ಸ್ಕೇಪ್ ಪಾಠಗಳಾಗಿ ಬಂದಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅವನ್ನು ಕನ್ನಡದಲ್ಲಿಯೇ ಓದಿ ಕಲಿತಿದ್ದಾರೆ. ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಮುಕ್ತ ತಂತ್ರಾಂಶದ ಕಾರ್ಯಕರ್ತರು ನಡೆಸಿದ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರದಲ್ಲಿಯೂ ಮಕ್ಕಳು ಜಿಂಪ್‌ನಿಂದಲೇ ಚಿತ್ರ ಬರೆಯಲು ಕಲಿತರು. ಕಾಸರಗೋಡಿನಲ್ಲಿ ಆದುದು ಗಜೇಂದ್ರಗಡದಲ್ಲಿ ಆಗಲಾರದೆ?

ಯಂತ್ರದ ಶಕ್ತಿ, ಕಡತದ ಆಯುಸ್ಸು

ತಂತ್ರಾಂಶವನ್ನು ಆರಿಸುವ ಮುನ್ನ ನಿಮ್ಮ ಗಣಕದ ಸ್ಮೃತಿಯೆಷ್ಟೆಂಬುದನ್ನು ನೋಡಿರಿ. ಮೇಲೆ ಲೆಕ್ಕ ಹಾಕಿದ ಎ4 ಹಾಳೆಗೆ ಒಂದು ಪದರಕ್ಕೆ 35 ಮೆಗಾಬೈಟಾದರೆ, ಹತ್ತು ಪದರಗಳಿಗೆ 350. ತಂತ್ರಾಂಶವು ಹಿಂದಿನ ಹೆಜ್ಜೆಗಳನ್ನೂ ನೆನಪಿಟ್ಟುಕೊಳ್ಳುವುದರಿಂದ ವಾಸ್ತವದಲ್ಲಿ ಇದರ ಹಲವು ಪಟ್ಟು ಬೇಕಾಗುತ್ತದೆ. 4 ಗಿಗಾಬೈಟಿನ ಗಣಕದಲ್ಲಿ ಸಣ್ಣ ಹಾಳೆಯನ್ನೂ ಕಡಮೆ ಪದರಗಳನ್ನೂ ಇಟ್ಟುಕೊಂಡರೆ ಕೆಲಸ ಸಾಗುತ್ತದೆ. ಕ್ರಿಟಾದ ಪ್ರಯೋಗಾವಸ್ಥೆಯ ಆವೃತ್ತಿಯೊಂದು ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳಿಗೂ ಇದೆ. ಸಣ್ಣ ದೂರವಾಣಿಯ ಪರದೆಗೆ ಅದು ಒಗ್ಗದು.

ತಂತ್ರಾಂಶವನ್ನು ಅದರದೇ ಅಧಿಕೃತ ತಾಣದಿಂದ ಪಡೆಯಬೇಕು. 2022ರಲ್ಲಿ ಜಿಂಪ್‌ನ ಹೆಸರಿನಲ್ಲಿ ಜಾಹೀರಾತು ಹಾಕಿ, ಹುಡುಕಿ ಬಂದವರ ಗಣಕಕ್ಕೆ ಗುಪ್ತಮಾಹಿತಿಯನ್ನು ಕದಿಯುವ ಕ್ರಮವಿಧಿಯನ್ನು ಇಳಿಸಿದ ಪ್ರಸಂಗವೂ ನಡೆದಿತ್ತು.

ಕೊನೆಯದಾಗಿ ಕಡತದ ಮಾತು. ಜೆಪಿಇಜಿ ವಿಧಾನವು ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಬಿಸುಡುತ್ತದೆ. ತಿದ್ದಿ ತಿದ್ದಿ ಅದರಲ್ಲಿಯೇ ಉಳಿಸಿದರೆ ನಷ್ಟ ಬೆಳೆಯುತ್ತ ಹೋಗುತ್ತದೆ. ಆದುದರಿಂದ ಕೆಲಸದ ಪ್ರತಿಯನ್ನು ಆಯಾ ತಂತ್ರಾಂಶದ ಸ್ವಂತ ರೂಪದಲ್ಲಿ ಇಡಬೇಕು; ಹಂಚುವ ಪ್ರತಿಗೆ ಮಾತ್ರ ಜೆಪಿಇಜಿ ಅಥವಾ ಪಿಎನ್‌ಜಿ ಸಾಕು. ಇಂಕ್‌ಸ್ಕೇಪಿನ ಎಸ್‌ವಿಜಿ ಕಡತವು 2001ರಲ್ಲಿ ಜಾಗತಿಕ ಜಾಲದ ಒಕ್ಕೂಟವು ಮಾನ್ಯಮಾಡಿದ ಬಹಿರಂಗ ರೂಪ. ಅದನ್ನು ಸಾಧಾರಣ ಬರವಣಿಗೆಯ ಕಿಟಕಿಯಲ್ಲಿ ತೆರೆದರೂ ಓದಬಹುದು. ಯಾವ ಸಂಸ್ಥೆ ಉಳಿಯಲಿ ಅಳಿಯಲಿ, ಅದನ್ನು ತೆರೆಯುವ ದಾರಿ ಮುಚ್ಚಲಾರದು.

ಉಪಸಂಹಾರ

ಆಯ್ಕೆಯ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಮೊದಲು ಕೆಲಸ ಯಾವುದು ಎಂದು ಕೇಳಿಕೊಳ್ಳಿರಿ. ಗೆರೆ, ಅಕ್ಷರ, ಮರುಕಳಿಸುವ ವಿನ್ಯಾಸವಾದರೆ ಇಂಕ್‌ಸ್ಕೇಪ್. ಛಾಯಾಚಿತ್ರದ ಸಂಸ್ಕಾರವಾದರೆ ಜಿಂಪ್. ಕುಂಚದ ಕೆಲಸವಾದರೆ ಕ್ರಿಟಾ. ಆಮೇಲೆ ಯಂತ್ರದ ಶಕ್ತಿ, ಕನ್ನಡದ ಪರೀಕ್ಷೆ, ಪರವಾನಗಿಯ ಸ್ವರೂಪ, ಕಡತದ ಆಯುಸ್ಸು. ತಂತ್ರಾಂಶದ ಹೆಸರು ಈ ವಿಚಾರಗಳ ತುದಿಯಲ್ಲಿ ತಾನಾಗಿ ದೊರೆಯಬೇಕು. ಮೂರನ್ನೂ ಒಮ್ಮೆಗೇ ಕಲಿಯಹೊರಡದೆ, ಕೈಯಲ್ಲಿರುವ ಕೆಲಸಕ್ಕೆ ಬೇಕಾದ ಒಂದನ್ನು ಹಿಡಿದು ಮೂರು ತಿಂಗಳು ಅಭ್ಯಾಸ ಮಾಡುವುದು ಲೇಸು. ಮಗ್ಗ ಎಷ್ಟೇ ಒಳ್ಳೆಯದಿರಲಿ, ಸೀರೆ ನೆಯ್ಯುವುದು ನೇಕಾರನ ಕೈ ಮತ್ತು ಕಣ್ಣು.

ಸ್ವತಃ ಮಾಡಿ ನೋಡಿರಿ

1. ಇಂಕ್‌ಸ್ಕೇಪಿನಲ್ಲಿ ಒಂದು ವೃತ್ತವನ್ನು ಬರೆದು ಉಳಿಸಿರಿ. ಆ ಕಡತವನ್ನು ಬರವಣಿಗೆಯ ಕಿಟಕಿಯಲ್ಲಿ ತೆರೆದು ಕೇಂದ್ರ, ತ್ರಿಜ್ಯಗಳ ಅಂಕಿಗಳನ್ನು ಹುಡುಕಿರಿ. ತ್ರಿಜ್ಯವನ್ನು ಇಮ್ಮಡಿಸಿ ಉಳಿಸಿ, ಮತ್ತೆ ಇಂಕ್‌ಸ್ಕೇಪಿನಲ್ಲಿ ತೆರೆದು ನೋಡಿರಿ.

2. ನಿಮ್ಮೂರಿನ ವೀರಗಲ್ಲೊಂದರ ಚಿತ್ರವನ್ನು ಮಧ್ಯಾಹ್ನವೂ ಸಂಜೆಯೂ ತೆಗೆದು, ಜಿಂಪ್‌ನ ಲೆವೆಲ್ಸ್ ಉಪಕರಣದಲ್ಲಿ ಎರಡರ ಬೆಳಕಿನ ಹರವನ್ನು ಹೋಲಿಸಿರಿ. ಯಾವುದು ಹೆಚ್ಚು ಮೆಟ್ಟಿಲುಗಳನ್ನು ಬಳಸಿಕೊಂಡಿದೆ? ಏಕೆ?

3. ಒಂದು ಛಾಯಾಚಿತ್ರವನ್ನು ಅತಿ ಕಡಮೆ ಗುಣಮಟ್ಟದ ಜೆಪಿಇಜಿಯಾಗಿ ಉಳಿಸಿ, ಹಿಗ್ಗಿಸಿ ನೋಡಿರಿ. ಎಂಟು ಬಿಂದುಗಳ ಚೌಕಗಳು ಕಾಣುತ್ತವೆಯೆ? ಎಣಿಸಿರಿ.